ಕುಸಿದು ಬಿದ್ದವನಿಗೆ ನಿಜವಾಗಿ ಏನಾಗಿದೆ? ದುಡಿಮೆಯ ನಡುವೆ ದೇಹ ಕೈಕೊಡುವ ಬಗೆ

ಏಪ್ರಿಲ್ ತಿಂಗಳ ಕೊನೆಯ ವಾರ, ಮಧ್ಯಾಹ್ನ ಹನ್ನೆರಡೂವರೆಯ ಹೊತ್ತು. ರಾಯಚೂರು ಸೀಮೆಯ ಒಂದು ಮಾರುಕಟ್ಟೆ ಪ್ರಾಂಗಣದಲ್ಲಿ ಲಾರಿಗೆ ಭತ್ತದ ಚೀಲ ಹೇರುತ್ತಿದ್ದ ಹುಡುಗನೊಬ್ಬ ಹಲಗೆಯ ನಡುವೆ ನಿಂತುಬಿಟ್ಟ. ಚೀಲ ಬೆನ್ನ ಮೇಲೆಯೇ ಇತ್ತು. ಹಿಂದಿದ್ದವರು ಮುಂದೆ ಹೋಗು ಎಂದು ಕೂಗಿದರೆ ಆತ ಯಾರದೋ ಹೆಸರು ಹಿಡಿದು ಬೈಯತೊಡಗಿದ. ಆ ಹೆಸರಿನವರು ಅಲ್ಲಿ ಯಾರೂ ಇರಲಿಲ್ಲ. ಮರುಕ್ಷಣ ಚೀಲ ಒಂದು ಕಡೆ, ಹುಡುಗ ಒಂದು ಕಡೆ. ಜನ ನೆರೆದರು. ಒಬ್ಬರು ಅವನ ಅಂಗೈಗೆ ಬೀಗದ ಕೈ ಗೊಂಚಲು ತುರುಕಿದರು, ಇನ್ನೊಬ್ಬರು ಈರುಳ್ಳಿ ಜಜ್ಜಿ ಮೂಗಿಗೆ ಹಿಡಿದರು, ಮತ್ತೊಬ್ಬರು ಬಾಯಿಗೆ ಸೋಡಾ ಸುರಿಯಲು ಹೋದರು. ಅದೇ ಪ್ರಾಂಗಣದಲ್ಲಿ ಮೂವತ್ತು ವರ್ಷ ಹಮಾಲಿ ಮಾಡಿದ್ದ ನನ್ನ ಕಾಕಾ ಬಂದು ಮೈ ಮುಟ್ಟಿ ನೋಡಿ, "ಇದು ಪಿಟ್ಸ್ ಅಲ್ಲ, ಮೈ ಕೆಂಡವಾಗಿದೆ" ಎಂದು ಹೇಳಿ, ದನಗಳಿಗೆ ನೀರು ಕುಡಿಸುವ ತೊಟ್ಟಿಯ ಬಳಿಗೆ ಹೊತ್ತೊಯ್ಯಿಸಿದರು. 108 ಬರುವ ಹೊತ್ತಿಗೆ ಹುಡುಗನನ್ನು ಕುತ್ತಿಗೆಯವರೆಗೆ ನೀರಿನಲ್ಲಿ ಕೂರಿಸಿ ಇಬ್ಬರು ಭುಜ ಹಿಡಿದಿದ್ದರು. ಅವನು ಬದುಕಿದ.

ಕಾಕಾ ವೈದ್ಯಶಾಸ್ತ್ರ ಓದಿದವರಲ್ಲ. ಆದರೆ ಬಿಸಿಲಾಘಾತಕ್ಕೆ ಇಂದಿನ ತುರ್ತು ವೈದ್ಯರು ಹೇಳುವುದು ಇದನ್ನೇ: ಮೊದಲು ತಣ್ಣಗೆ ಮಾಡಿ, ಆಮೇಲೆ ಆಸ್ಪತ್ರೆಗೆ ಸಾಗಿಸಿ. ಕೆಲಸದ ಜಾಗದಲ್ಲಿ ಯಾರಾದರೂ ಬಿದ್ದಾಗ ನಾವು ಸಾಮಾನ್ಯವಾಗಿ "ತಲೆ ಸುತ್ತಿ ಬಿದ್ದ" ಎಂಬ ಒಂದೇ ಮಾತಿನಲ್ಲಿ ಎಲ್ಲವನ್ನೂ ಮುಗಿಸಿಬಿಡುತ್ತೇವೆ. ಆ ಒಂದು ಮಾತಿನೊಳಗೆ ಹಲವು ಬೇರೆ ಬೇರೆ ಅನಾಹುತಗಳು ಅಡಗಿವೆ. ಒಂದಕ್ಕೆ ನೀರು ಬೇಕು, ಇನ್ನೊಂದಕ್ಕೆ ಎದೆ ಒತ್ತುವ ಕೈ ಬೇಕು, ಮತ್ತೊಂದು ಆ ದಿನ ಕಾಣಿಸಿಕೊಳ್ಳದೆ ಮೂರನೆಯ ದಿನ ಮೂತ್ರದ ಬಣ್ಣದಲ್ಲಿ ಕಾಣಿಸುತ್ತದೆ. ಇವನ್ನು ಬಿಡಿಸಿ ನೋಡುವುದನ್ನು ಭಾರದ ಕೆಲಸ ನಡೆಯುವ ಪ್ರತಿಯೊಂದು ಜಾಗದಲ್ಲೂ ಕಲಿತಿರಬೇಕು ಎಂಬುದು ನನ್ನ ಬಲವಾದ ನಂಬಿಕೆ.

ಒಳಗಿನ ಒಲೆ

ಬಿಸಿಲಾಘಾತ ಎಂದರೆ ಬಿಸಿಲು ತಲೆಗೆ ಹೊಡೆಯುವುದು ಎಂದೇ ಹೆಚ್ಚಿನವರ ಕಲ್ಪನೆ. ದುಡಿಯುವವರ ವಿಷಯದಲ್ಲಿ ಇದು ಅರ್ಧ ಸತ್ಯ. ನಮ್ಮ ಸ್ನಾಯುಗಳು ಉಂಡ ಅನ್ನದ ಶಕ್ತಿಯಲ್ಲಿ ಐದರಲ್ಲೊಂದು ಪಾಲನ್ನು, ಹೆಚ್ಚೆಂದರೆ ನಾಲ್ಕರಲ್ಲೊಂದು ಪಾಲನ್ನು ಮಾತ್ರ ಕೆಲಸವಾಗಿ ಮಾರ್ಪಡಿಸುತ್ತವೆ. ಉಳಿದುದೆಲ್ಲ ಶಾಖ. ಮೈ ಮುರಿದು ಚೀಲ ಹೊರುವವನ ದೇಹದಲ್ಲಿ ಗಂಟೆಗೆ ಸುಮಾರು 350 ಕಿಲೊ ಕ್ಯಾಲೊರಿ ಶಾಖ ಹುಟ್ಟುತ್ತದೆ ಎಂದಿಟ್ಟುಕೊಳ್ಳಿ. ಅರವತ್ತು ಕೆ.ಜಿ. ತೂಕದ ಮನುಷ್ಯನ ಮೈ ಒಂದು ಡಿಗ್ರಿ ಬಿಸಿಯಾಗಲು ಐವತ್ತು ಕಿಲೊ ಕ್ಯಾಲೊರಿ ಸಾಕು. ಶಾಖ ಹೊರಗೆ ಹೋಗುವ ದಾರಿ ಪೂರ್ತಿ ಮುಚ್ಚಿಹೋದರೆ ಒಂಬತ್ತು ಹತ್ತು ನಿಮಿಷಕ್ಕೆ ಒಂದು ಡಿಗ್ರಿ ಏರುತ್ತದೆ. 37ರಿಂದ 40 ಡಿಗ್ರಿಗೆ ಏರಲು ಅರ್ಧ ಗಂಟೆ ಬೇಕಿಲ್ಲ. ನೆರಳಿನಲ್ಲಿ, ತಗಡಿನ ಗೋದಾಮಿನ ಒಳಗೆ, ಬಾಯ್ಲರ್ ಪಕ್ಕದಲ್ಲಿ ದುಡಿಯುವವರಿಗೂ ಬಿಸಿಲಾಘಾತ ಆಗುವುದು ಹೀಗೆ. ಒಲೆ ಇರುವುದು ಮೈಯ ಒಳಗೆ.

ಶಾಖ ಹೊರಹೋಗುವ ಮುಖ್ಯ ದಾರಿ ಬೆವರು. ಒಂದು ಲೀಟರ್ ಬೆವರು ಪೂರ್ತಿ ಆರಿದರೆ ಸುಮಾರು 580 ಕಿಲೊ ಕ್ಯಾಲೊರಿ ಶಾಖ ಅದರ ಜೊತೆ ಹೋಗುತ್ತದೆ. ಇಲ್ಲಿ "ಆರಿದರೆ" ಎಂಬ ಮಾತು ಮುಖ್ಯ. ನೆಲಕ್ಕೆ ತೊಟ್ಟಿಕ್ಕಿದ ಬೆವರು ಮೈಯ ನೀರನ್ನಷ್ಟೇ ಕಳೆಯುತ್ತದೆ, ತಂಪು ಕೊಡುವುದಿಲ್ಲ. ಹೀಗಾಗಿ ಮಂಗಳೂರಿನ ಮೀನುಗಾರಿಕೆ ದಕ್ಕೆಯಲ್ಲಿ 34 ಡಿಗ್ರಿಯೂ ಅಪಾಯವಾಗಬಹುದು. ಗಾಳಿಯಲ್ಲಿ ಮೊದಲೇ ತೇವ ತುಂಬಿರುವುದರಿಂದ ಬೆವರು ಆರುವುದಿಲ್ಲ. ರಾಯಚೂರಿನ ಒಣ ಬಿಸಿಲಿನಲ್ಲಿ ಬೆವರು ಚೆನ್ನಾಗಿಯೇ ಆರುತ್ತದೆ, ಆದರೆ ಬೆವರಿದ್ದೇ ಗೊತ್ತಾಗದಂತೆ ಮೈಯ ನೀರು ಬತ್ತಿಹೋಗುತ್ತದೆ.

ಶಾಖವನ್ನು ಚರ್ಮದವರೆಗೆ ತಂದು ಹಾಕಬೇಕಾದದ್ದು ರಕ್ತ. ದುಡಿಯುವ ಸ್ನಾಯುವಿಗೂ ಅದೇ ರಕ್ತ ಬೇಕು. ನೀರು ಕಡಿಮೆಯಾಗಿ ರಕ್ತದ ಪ್ರಮಾಣ ಇಳಿದ ಹೊತ್ತಿನಲ್ಲಿ ಎರಡೂ ಕಡೆಗೆ ಹರಿಸಲು ಹೃದಯ ವೇಗ ಹೆಚ್ಚಿಸುತ್ತದೆ. ತಲೆನೋವು, ಓಕರಿಕೆ, ಕಾಲು ಸೆಳೆತ, ಸುಸ್ತು ಶುರುವಾಗುತ್ತವೆ. ಈ ಹಂತದಲ್ಲಿ ಚೀಲ ಇಳಿಸಿ, ನೆರಳಿಗೆ ಹೋಗಿ, ಮೈ ಒದ್ದೆ ಮಾಡಿಕೊಂಡು, ಉಪ್ಪು ಹಾಕಿದ ಮಜ್ಜಿಗೆಯನ್ನೋ ಓಆರ್‌ಎಸ್ ನೀರನ್ನೋ ಕುಡಿದರೆ ದೇಹ ಸುಧಾರಿಸಿಕೊಳ್ಳುತ್ತದೆ. ಇದನ್ನು ದಾಟಿ ದೇಹದ ಒಳಗಿನ ಉಷ್ಣತೆ 40 ಡಿಗ್ರಿ ಮೀರಿದಾಗ ಮೊದಲು ಏರುಪೇರಾಗುವುದು ಮೆದುಳು. ತೊದಲುವುದು, ಸಂಬಂಧವಿಲ್ಲದ ಮಾತು, ವಿನಾಕಾರಣ ಸಿಟ್ಟು, ಕುಡಿದವನಂತೆ ತೂರಾಡುವುದು. ಆ ಹುಡುಗ ಇಲ್ಲದವರ ಹೆಸರು ಹಿಡಿದು ಬೈದದ್ದು ಈ ಕಾರಣಕ್ಕೆ. ಬಿಸಿಯಲ್ಲಿ ದುಡಿಯುತ್ತಿದ್ದವನು ತನ್ನ ಹೆಸರು, ವಾರ, ತಾನಿರುವ ಜಾಗ ಹೇಳಲು ತಡವರಿಸಿದರೆ ಬಿಸಿಲಾಘಾತ ಎಂದೇ ತಿಳಿದು ನಡೆದುಕೊಳ್ಳಬೇಕು. ಬಿಸಿಲಾಘಾತವಾದವರ ಚರ್ಮ ಒಣಗಿರುತ್ತದೆ ಎಂದು ಹಲವು ಕಡೆ ಬರೆದಿರುತ್ತಾರೆ. ಅದು ವಯಸ್ಸಾದವರು ಸೆಖೆಯಲ್ಲಿ ಮನೆಯೊಳಗೇ ಇದ್ದು ಕುಸಿದಾಗಿನ ಲಕ್ಷಣ. ದುಡಿಯುತ್ತಾ ಬಿದ್ದವನ ಮೈ ಬೆವರಿನಿಂದ ತೊಯ್ದಿರುವುದೇ ಹೆಚ್ಚು. ಬೆವರು ಕಂಡು ಬಿಸಿಲಾಘಾತವಲ್ಲ ಎಂದು ನಿರ್ಧರಿಸಬಾರದು.

ಆಮೇಲಿನ ಅರ್ಧ ಗಂಟೆಯಲ್ಲಿ ಉಷ್ಣತೆ ಇಳಿದರೆ ಹೆಚ್ಚಿನವರು ಉಳಿಯುತ್ತಾರೆ. ತಡವಾದಷ್ಟೂ ಯಕೃತ್ತು, ಮೂತ್ರಪಿಂಡ, ಮೆದುಳು ಒಂದೊಂದಾಗಿ ಕೆಡುತ್ತವೆ. ಪ್ಯಾರಾಸಿಟಮಾಲ್ ಮಾತ್ರೆ ಇಲ್ಲಿ ಕೆಲಸಕ್ಕೆ ಬಾರದು, ಏಕೆಂದರೆ ಇದು ಜ್ವರವಲ್ಲ. ತೊಟ್ಟಿ ಇಲ್ಲದ ಕಡೆ ಏನು ಮಾಡುವುದು? ಮಾರುಕಟ್ಟೆಯಲ್ಲಾಗಲಿ ಕಟ್ಟಡ ಕೆಲಸದ ಜಾಗದಲ್ಲಾಗಲಿ ತಾಡಪತ್ರಿ ಇಲ್ಲದಿರುವುದಿಲ್ಲ. ಬಿದ್ದವನನ್ನು ಅದರ ನಡುವೆ ಮಲಗಿಸಿ, ನಾಲ್ಕಾರು ಜನ ಅಂಚು ಎತ್ತಿ ಹಿಡಿದರೆ ಅದೇ ತೊಟ್ಟಿಯಾಗುತ್ತದೆ. ಅದಕ್ಕೆ ನೀರು ಸುರಿದು, ಪಕ್ಕದ ಸೋಡಾ ಅಂಗಡಿಯಿಂದ ಮಂಜುಗಡ್ಡೆ ತಂದು ಹಾಕಿ ಅಲುಗಾಡಿಸುತ್ತಿರಬೇಕು. ತಲೆ ಮಾತ್ರ ಮೇಲಿರಲಿ. ಅಮೆರಿಕದಲ್ಲಿ ಕ್ರೀಡಾ ವೈದ್ಯರು ಮೈದಾನದಲ್ಲಿ ಇದೇ ಉಪಾಯವನ್ನು ಬಳಸುತ್ತಾರೆ. ಪ್ರಜ್ಞೆ ಇಲ್ಲದವನ ಬಾಯಿಗೆ ಮಾತ್ರ ಏನನ್ನೂ ಹಾಕಬಾರದು. ಸೋಡಾ ಹೊಟ್ಟೆಗೆ ಹೋಗುವ ಬದಲು ಶ್ವಾಸಕೋಶಕ್ಕೆ ಹೋಗುತ್ತದೆ.

ಬೀಳುವವನು ಹೊಸಬ

ಆ ಹುಡುಗ ಆ ಪ್ರಾಂಗಣಕ್ಕೆ ಬಂದು ಮೂರು ದಿನವಾಗಿತ್ತಷ್ಟೆ. ಗಟ್ಟಿಮುಟ್ಟಾದ ಆಳು, ಕುಸ್ತಿ ಆಡಿದ ಮೈ. ಅವನೇ ಏಕೆ ಬಿದ್ದ, ಅರವತ್ತರ ಹತ್ತಿರದ ಕಾಕಾ ಏಕೆ ಬೀಳಲಿಲ್ಲ ಎಂಬ ಪ್ರಶ್ನೆ ಬಹಳ ದಿನ ನನ್ನನ್ನು ಕಾಡಿತು. ಉತ್ತರ ಸಿಕ್ಕ ಮೇಲೆ ಅನಾಹುತ ಎಂಬ ಪದದ ಮೇಲೇ ನನಗೆ ಅನುಮಾನ ಬಂತು, ಏಕೆಂದರೆ ಇದು ಎಣಿಸಿ ಹೇಳಬಹುದಾದ ಸಂಗತಿ.

ಸೆಖೆಯಲ್ಲಿ ದುಡಿಯುವುದನ್ನು ದೇಹ ಕಲಿಯುತ್ತದೆ. ಏಳರಿಂದ ಹದಿನಾಲ್ಕು ದಿನಗಳಲ್ಲಿ ರಕ್ತದ ದ್ರವಭಾಗ ಹೆಚ್ಚುತ್ತದೆ, ಬೆವರು ಬೇಗ ಶುರುವಾಗುತ್ತದೆ, ಹೆಚ್ಚು ಬರುತ್ತದೆ, ಅದರಲ್ಲಿ ಹೊರಹೋಗುವ ಉಪ್ಪು ಕಡಿಮೆಯಾಗುತ್ತದೆ. ಅದೇ ಕೆಲಸಕ್ಕೆ ಹೃದಯ ಕಡಿಮೆ ಬಡಿಯುತ್ತದೆ. ಆ ಕಲಿಕೆ ಮುಗಿಯುವ ಮೊದಲು ಪೂರ್ತಿ ಕೂಲಿಯ ಕೆಲಸಕ್ಕೆ ನಿಂತವನೇ ಬೀಳುತ್ತಾನೆ. ಕಾರ್ಮಿಕರ ಸುರಕ್ಷತೆ ನೋಡಿಕೊಳ್ಳುವ ಅಮೆರಿಕದ ಸರ್ಕಾರಿ ಸಂಸ್ಥೆ ಓಎಸ್‌ಎಚ್‌ಎ ಹೇಳುವಂತೆ, ಕೆಲಸದಲ್ಲಿ ಸೆಖೆಯಿಂದಾಗುವ ಸಾವುಗಳಲ್ಲಿ ಅರ್ಧದಷ್ಟು ಮೊದಲನೆಯ ದಿನವೇ ಆಗುತ್ತವೆ. ಶೇ 70ಕ್ಕೂ ಹೆಚ್ಚು ಮೊದಲ ವಾರದೊಳಗೆ. ಆದ್ದರಿಂದ ಹೊಸಬನಿಗೆ ಮೊದಲ ದಿನ ಪೂರ್ತಿ ಕೆಲಸದ ಐದರಲ್ಲೊಂದು ಪಾಲು ಕೊಟ್ಟು, ದಿನಕ್ಕೆ ಇನ್ನೊಂದೊಂದು ಪಾಲು ಏರಿಸುತ್ತಾ ಹೋಗಬೇಕು ಎಂದು ಅದು ಹೇಳುತ್ತದೆ. ಕಲಿತದ್ದು ಬಿಟ್ಟರೆ ಮರೆತುಹೋಗುತ್ತದೆ ಎಂಬುದೂ ಗಮನಿಸಬೇಕಾದ ವಿಷಯ. ಊರ ಜಾತ್ರೆಗೆ ಹೋಗಿ ಹದಿನೈದು ದಿನ ಬಿಟ್ಟು ಬಂದ ಹಳೆಯ ಕೆಲಸಗಾರನೂ ಹೆಚ್ಚುಕಡಿಮೆ ಹೊಸಬನೇ. ಜ್ವರದಿಂದ ಎದ್ದವನು, ಹಿಂದಿನ ರಾತ್ರಿ ಕುಡಿದವನು, ಭೇದಿಯಾಗುತ್ತಿರುವವನು, ಮೂತ್ರ ಹೆಚ್ಚಿಸುವ ಬಿ.ಪಿ. ಮಾತ್ರೆ ತೆಗೆದುಕೊಳ್ಳುವವನು ಕೂಡ ಆ ದಿನದ ಮಟ್ಟಿಗೆ ಹೊಸಬನೇ.

ನೀರು ಬಾಯಾರಿದಾಗ ಒಂದು ತಂಬಿಗೆ ಎಂಬ ಲೆಕ್ಕ ಸಾಲದು. ಹದಿನೈದು ಇಪ್ಪತ್ತು ನಿಮಿಷಕ್ಕೆ ಒಂದು ದೊಡ್ಡ ಲೋಟ ಒಳ್ಳೆಯ ಲೆಕ್ಕ. ಗಂಟೆಗೆ ಒಂದೂವರೆ ಲೀಟರ್ ಮೀರಿ ಬರೀ ನೀರನ್ನೇ ಕುಡಿದರೆ ರಕ್ತದಲ್ಲಿ ಉಪ್ಪು ತೆಳುವಾಗಿ ಬೇರೆಯೇ ತೊಂದರೆ ಆಗುತ್ತದೆ. ನಮ್ಮ ಭಾಗದ ಅಂಬಲಿ, ಉಪ್ಪು ಹಾಕಿದ ಮಜ್ಜಿಗೆ ಈ ಕಾರಣಕ್ಕೆ ಬಹಳ ಸರಿಯಾದ ಪಾನೀಯಗಳು.

ಇಷ್ಟೆಲ್ಲ ಗೊತ್ತಿದ್ದರೂ ಪ್ರಾಂಗಣದಲ್ಲಿ ಏಕೆ ನಡೆಯುವುದಿಲ್ಲ? ಹಮಾಲಿಯ ಕೂಲಿ ಚೀಲದ ಲೆಕ್ಕ. ಕೂತ ಹತ್ತು ನಿಮಿಷಕ್ಕೆ ಯಾರೂ ದುಡ್ಡು ಕೊಡುವುದಿಲ್ಲ, ಗುಂಪಿನಲ್ಲಿ ಒಬ್ಬ ಕೂತರೆ ಉಳಿದವರ ಸರದಿ ಕೆಡುತ್ತದೆ. ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ ಬೇಸಿಗೆ ಬಂದರೆ ಸರ್ಕಾರಿ ಕಚೇರಿಗಳ ವೇಳೆ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಾಗುತ್ತದೆ. ಫ್ಯಾನಿನ ಕೆಳಗೆ ಕೂತವರಿಗೆ ಸಿಗುವ ಈ ನ್ಯಾಯ ಲಾರಿಯ ಹಲಗೆ ಹತ್ತುವವರಿಗೂ ಸಿಗಬೇಕು. ಮಧ್ಯಾಹ್ನ ಲಾರಿ ಹೇರುವುದನ್ನು ಮುಂಜಾನೆಗೆ, ಸಂಜೆಗೆ ಸರಿಸುವುದು ದಲ್ಲಾಳಿ ಅಂಗಡಿಯವರ ಕೈಯಲ್ಲೇ ಇದೆ.

ಹೃದಯ

ಎರಡನೆಯ ಬಗೆಯ ಬೀಳುವಿಕೆ ಇನ್ನೂ ಥಟ್ಟನೆ ಆಗುತ್ತದೆ. ಭಾರ ಎತ್ತುವಾಗ ನಾವು ಉಸಿರು ಬಿಗಿಹಿಡಿಯುತ್ತೇವೆ, ರಕ್ತದೊತ್ತಡ ಕ್ಷಣದಲ್ಲಿ ಮೇಲೇರುತ್ತದೆ. ಹೃದಯದ ರಕ್ತನಾಳದ ಒಳಗೋಡೆಯಲ್ಲಿ ಕೊಬ್ಬಿನ ಪದರ ಮೊದಲೇ ಕಟ್ಟಿದ್ದರೆ ಅದು ಆ ಒತ್ತಡಕ್ಕೆ ಬಿರಿಯಬಹುದು. ಬಿರಿದ ಜಾಗದಲ್ಲಿ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚುತ್ತದೆ. ಅಮೆರಿಕದಲ್ಲಿ 1993ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ ತೀವ್ರ ಶ್ರಮದ ನಂತರದ ಒಂದು ಗಂಟೆಯಲ್ಲಿ ಹೃದಯಾಘಾತದ ಸಂಭವ ಸುಮಾರು ಆರು ಪಟ್ಟು ಹೆಚ್ಚುತ್ತದೆ. ಅದನ್ನು ಬಿಡಿಸಿ ನೋಡಿದರೆ ಸಿಕ್ಕ ವ್ಯತ್ಯಾಸ ಕಣ್ಣು ತೆರೆಸುವಂಥದ್ದು: ವಾರಕ್ಕೆ ಐದು ಸಲವಾದರೂ ಮೈ ದಂಡಿಸುವವರಲ್ಲಿ ಈ ಏರಿಕೆ ಎರಡೂವರೆ ಪಟ್ಟಿನ ಆಸುಪಾಸು, ಕೂತೇ ಇರುವವರಲ್ಲಿ ನೂರು ಪಟ್ಟಿಗೂ ಮೀರಿ. ಆ ಒಂದು ಗಂಟೆಯ ಸಂಭವ ತಾನೇ ಬಹಳ ಚಿಕ್ಕದು, ಆದ್ದರಿಂದ ಹೆದರಿ ಕೂರಬೇಕಿಲ್ಲ. ಆದರೆ ವರ್ಷವಿಡೀ ಗಲ್ಲಾಪೆಟ್ಟಿಗೆಯ ಮುಂದೆ ಕೂತ ಅಂಗಡಿ ಮಾಲೀಕರು ಆಳು ಬರಲಿಲ್ಲವೆಂದು ತಾವೇ ಹತ್ತು ಚೀಲ ಎತ್ತಲು ಹೋಗುವುದು ಹಮಾಲಿ ನೂರು ಚೀಲ ಎತ್ತುವುದಕ್ಕಿಂತ ಅಪಾಯಕರವಾಗಿರಬಹುದು.

ಎದೆ ಬಿಗಿತ, ಎಡಗೈಗೋ ದವಡೆಗೋ ಹರಿಯುವ ನೋವು, ತಣ್ಣನೆಯ ಬೆವರು ಕಂಡರೆ "ಗ್ಯಾಸ್" ಎಂದು ಸೋಡಾ ಕುಡಿದು ಮಲಗಬಾರದು. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ರಾಜ್ಯದ ತಾಲ್ಲೂಕು ಆಸ್ಪತ್ರೆಗಳಲ್ಲೂ ಇಸಿಜಿ ತೆಗೆದು, ಜಯದೇವದಂಥ ದೊಡ್ಡ ಆಸ್ಪತ್ರೆಯ ತಜ್ಞರಿಗೆ ತೋರಿಸಿ, ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ವ್ಯವಸ್ಥೆ ಇದೆ. ಮೊದಲ ಗಂಟೆಯಲ್ಲಿ ಅಲ್ಲಿಗೆ ತಲುಪುವುದೇ ದೊಡ್ಡ ಚಿಕಿತ್ಸೆ.

ಹೃದಯ ಪೂರ್ತಿ ನಿಂತಾಗ ಗಂಟೆಯ ಮಾತಿಲ್ಲ, ನಿಮಿಷದ ಲೆಕ್ಕ. ಏನೂ ಮಾಡದೆ ಕಳೆದ ಒಂದೊಂದು ನಿಮಿಷಕ್ಕೂ ಬದುಕುವ ಸಾಧ್ಯತೆ ಶೇ 7ರಿಂದ 10ರಷ್ಟು ಕುಸಿಯುತ್ತದೆ. ಇಲ್ಲಿ ಬೀಗದ ಕೈ ಗೊಂಚಲಿನ ವಿಷಯವನ್ನು ಮತ್ತೆ ಎತ್ತಬೇಕು. ಹೃದಯ ನಿಂತ ಮೊದಲ ಕ್ಷಣಗಳಲ್ಲಿ ಮೆದುಳಿಗೆ ರಕ್ತ ಸಿಗದೆ ಕೈಕಾಲು ಅದುರಬಹುದು, ಬಾಯಿ ತೆರೆದು ಎಳೆದೆಳೆದು ಉಸಿರಾಡುವಂತೆ ಕಾಣಬಹುದು. ಸುತ್ತಲಿದ್ದವರು ಅದನ್ನು ಪಿಟ್ಸ್ ಎಂದು ತಿಳಿದು ಕೈಗೆ ಕಬ್ಬಿಣ ಕೊಟ್ಟು ಕಾಯುತ್ತಾರೆ. ಹಾಗೆ ಕಾಯುವ ಮೂರು ನಾಲ್ಕು ನಿಮಿಷದಲ್ಲಿ ಜೀವ ಹೋಗುತ್ತದೆ. ಪಿಟ್ಸ್‌ಗೂ ಕಬ್ಬಿಣ ಮದ್ದಲ್ಲ. ಕರೆದರೆ ಓಗೊಡದೆ, ಸರಿಯಾಗಿ ಉಸಿರಾಡದೆ ಇದ್ದರೆ ಅಂಗಾತ ಮಲಗಿಸಿ, ಎದೆಯ ನಟ್ಟನಡುವೆ ಎರಡೂ ಅಂಗೈ ಒಂದರ ಮೇಲೊಂದಿಟ್ಟು, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ ಐದಾರು ಸೆಂಟಿಮೀಟರ್ ಆಳಕ್ಕೆ ಒತ್ತುತ್ತಲೇ ಇರಬೇಕು. ಒಬ್ಬರು 108ಕ್ಕೆ ಕರೆ ಮಾಡಲಿ. ಎರಡು ನಿಮಿಷಕ್ಕೊಮ್ಮೆ ಒತ್ತುವವರು ಬದಲಾಗಲಿ, ದಣಿದ ಕೈ ಆಳಕ್ಕೆ ಒತ್ತುವುದಿಲ್ಲ.

ಮೂರನೆಯ ದಿನದ ಮೂತ್ರ

ಇದರ ಬಗ್ಗೆ ಅತಿ ಕಡಿಮೆ ಜನರಿಗೆ ಗೊತ್ತು. ಅಭ್ಯಾಸವಿಲ್ಲದ ಸ್ನಾಯುವನ್ನು ಮಿತಿ ಮೀರಿ ದುಡಿಸಿದಾಗ, ಅದರಲ್ಲೂ ಸೆಖೆಯಲ್ಲಿ, ಅದರ ಕಣಗಳು ಒಡೆದು ಒಳಗಿನ ವಸ್ತುಗಳು ರಕ್ತಕ್ಕೆ ಸೇರುತ್ತವೆ. ವೈದ್ಯರು ಇದನ್ನು ರಾಬ್ಡೊಮಯೊಲಿಸಿಸ್ ಎನ್ನುತ್ತಾರೆ. 1941ರಲ್ಲಿ, ಲಂಡನ್ ಮೇಲೆ ಬಾಂಬು ಬೀಳುತ್ತಿದ್ದ ಕಾಲದಲ್ಲಿ, ಕಟ್ಟಡದ ಅವಶೇಷಗಳಡಿ ಸಿಕ್ಕು ಹೊರಬಂದವರು ಕೆಲವೇ ದಿನಗಳಲ್ಲಿ ಮೂತ್ರಪಿಂಡ ಕೆಟ್ಟು ಸಾಯುವುದನ್ನು ಬೈವಾಟರ್ಸ್ ಮತ್ತು ಬೀಲ್ ಎಂಬ ವೈದ್ಯರು ದಾಖಲಿಸಿದರು. ಅಲ್ಲಿ ಗೋಡೆ ಸ್ನಾಯುವನ್ನು ಜಜ್ಜಿತ್ತು, ಇಲ್ಲಿ ದುಡಿಮೆ ಜಜ್ಜುತ್ತದೆ. ಸ್ನಾಯುವಿನೊಳಗಿನ ಮಯೊಗ್ಲೋಬಿನ್ ಎಂಬ ಕೆಂಪು ವಸ್ತು ಮೂತ್ರಪಿಂಡದ ಸಣ್ಣ ನಾಳಗಳಲ್ಲಿ ಕಟ್ಟಿಕೊಳ್ಳುತ್ತದೆ. ಹೊರಬಿದ್ದ ಪೊಟ್ಯಾಶಿಯಂ ಹೃದಯದ ಬಡಿತವನ್ನೇ ಕೆಡಿಸಬಲ್ಲದು.

ಲಕ್ಷಣ ಒಂದರಿಂದ ಮೂರು ದಿನ ತಡವಾಗಿ ಬರುತ್ತದೆ. ತೊಡೆ, ಭುಜ ಕಲ್ಲಿನಂತೆ ಬಿಗಿದು ಊದಿಕೊಳ್ಳುತ್ತವೆ. ಮೂತ್ರ ಹಾಲು ಹಾಕದ ಚಹಾದ ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತದೆ. ಮೈಕೈ ನೋವು ಎಂದುಕೊಂಡು ನೋವಿನ ಮಾತ್ರೆ ನುಂಗುವುದು ಇಲ್ಲಿ ದೊಡ್ಡ ತಪ್ಪು. ಡೈಕ್ಲೊಫೆನಾಕ್, ಐಬುಪ್ರೊಫೆನ್‌ನಂಥ ಮಾತ್ರೆಗಳು ಮೂತ್ರಪಿಂಡಕ್ಕೆ ಹೋಗುವ ರಕ್ತವನ್ನು ಇನ್ನೂ ಕಡಿಮೆ ಮಾಡುತ್ತವೆ. ಕೆಲಸ ಬಿಟ್ಟ ಮೇಲೆ ಮೆಡಿಕಲ್ ಅಂಗಡಿಯಲ್ಲಿ ಎರಡು ರೂಪಾಯಿಗೋ ಐದು ರೂಪಾಯಿಗೋ ಬಿಡಿ ಮಾತ್ರೆ ಕೊಂಡು ನುಂಗುವುದು ನಮ್ಮ ಹಮಾಲರ ದಿನಚರಿ. ಕಾಕಾ ಕೂಡ ವರ್ಷಗಟ್ಟಲೆ ಹಾಗೆಯೇ ಮಾಡಿದರು. ಬಣ್ಣ ಬದಲಾದ ಮೂತ್ರ ಕಂಡ ಕೂಡಲೇ ಆಸ್ಪತ್ರೆಗೆ ಹೋಗಿ, ಸ್ನಾಯು ಎಷ್ಟು ಒಡೆದಿದೆ ಎಂದು ತೋರಿಸುವ ಸಿಕೆ ಎಂಬ ರಕ್ತಪರೀಕ್ಷೆ ಮಾಡಿಸಿ, ಸಲೈನ್ ಹಾಕಿಸಿಕೊಂಡರೆ ಹೆಚ್ಚಿನವರು ಡಯಾಲಿಸಿಸ್ ಇಲ್ಲದೆ ಪಾರಾಗುತ್ತಾರೆ.

ಇದರ ನಿಧಾನದ ರೂಪವೂ ಇರುವಂತಿದೆ. ಮಧ್ಯ ಅಮೆರಿಕದ ನಿಕರಾಗುವ, ಎಲ್ ಸಾಲ್ವಡಾರ್ ದೇಶಗಳಲ್ಲಿ ಕಬ್ಬು ಕಡಿಯುವ ಸಾವಿರಾರು ಯುವಕರು ಸಕ್ಕರೆ ಕಾಯಿಲೆಯಾಗಲಿ ಬಿ.ಪಿ.ಯಾಗಲಿ ಇಲ್ಲದೆ ಮೂತ್ರಪಿಂಡ ಕಳೆದುಕೊಂಡರು. ಸೆಖೆಯಲ್ಲಿ ನೀರಿಲ್ಲದೆ ದಿನದಿನವೂ ಮೈ ಮುರಿಯುವುದು ಅದಕ್ಕೆ ಮುಖ್ಯ ಕಾರಣಗಳಲ್ಲೊಂದು ಎಂದು ಸಂಶೋಧಕರು ಭಾವಿಸುತ್ತಾರೆ. ಬೆಳಗಾವಿ, ಬಾಗಲಕೋಟೆಯ ಕಬ್ಬಿನ ಗದ್ದೆಗಳಲ್ಲಿ ಟೋಳಿ ಕಟ್ಟಿಕೊಂಡು ಕಡಿಯುವವರನ್ನು ಕಂಡಾಗಲೆಲ್ಲ ನನಗೆ ಅದು ನೆನಪಾಗುತ್ತದೆ.

ಬೆನ್ನಿನ ಮಾತನ್ನು ಬೇಗ ಹೇಳಿಬಿಡುತ್ತೇನೆ, ಅದರ ಬಗ್ಗೆ ತಿಳಿವಳಿಕೆ ಸ್ವಲ್ಪವಾದರೂ ಇದೆ. ನೆಲದಿಂದ ಬಗ್ಗಿ ಎತ್ತುವಾಗ ಬೆನ್ನುಮೂಳೆ ಏತದ ಕಂಬದಂತೆ. ಭಾರ ಮೂಳೆಯಿಂದ ನಲವತ್ತು ಸೆಂಟಿಮೀಟರ್ ಮುಂದಿದ್ದರೆ, ಅದನ್ನು ಎಳೆದು ನಿಲ್ಲಿಸುವ ಸ್ನಾಯು ಐದು ಸೆಂಟಿಮೀಟರ್ ಹಿಂದಿರುತ್ತದೆ. ಅಂದರೆ ಐವತ್ತು ಕೆ.ಜಿ. ಸಿಮೆಂಟ್ ಚೀಲಕ್ಕೆ ಸೊಂಟದ ಸ್ನಾಯು ನಾನೂರು ಕೆ.ಜಿ.ಯಷ್ಟು ಬಲ ಹಾಕಬೇಕು. ಚೀಲ ಮೈಗೆ ಒತ್ತಿಕೊಂಡಷ್ಟೂ ಈ ಲೆಕ್ಕ ಇಳಿಯುತ್ತದೆ. ಹಮಾಲರು ಒಬ್ಬರೇ ಎತ್ತದೆ, ಇಬ್ಬರು ಎತ್ತಿ ಮೂರನೆಯವನ ಬೆನ್ನಿಗೆ ಹೊರಿಸುವುದು ಈ ಲೆಕ್ಕವನ್ನು ತಲೆತಲಾಂತರದಿಂದ ಬಲ್ಲವರ ಜಾಣ್ಮೆ. ಆದರೂ ನಮ್ಮ ಕಡೆಯ ಭತ್ತದ ಚೀಲ 75 ಕೆ.ಜಿ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲೇ ವಯಸ್ಕ ಪುರುಷ ಹೊರಬಹುದಾದ ಗರಿಷ್ಠ ಭಾರ 55 ಕೆ.ಜಿ. ಎಂದು ಶಿಫಾರಸು ಮಾಡಿತ್ತು. ಸೊಂಟ ಹಿಡಿದವರಲ್ಲಿ ಹೆಚ್ಚಿನವರು ಕೆಲವು ವಾರಗಳಲ್ಲಿ ಸುಧಾರಿಸುತ್ತಾರೆ. ಆದರೆ ತೊಡೆಸಂದಿನ ಸುತ್ತ ಮರಗಟ್ಟಿದರೆ, ಮೂತ್ರ ಕಟ್ಟಿಕೊಂಡರೆ, ಕಾಲಿನ ಬಲ ಹೋದರೆ ಉಳುಕು ತೆಗೆಯುವವರ ಬಳಿ ಹೋಗದೆ ಅದೇ ದಿನ ದೊಡ್ಡಾಸ್ಪತ್ರೆಗೆ ಹೋಗಬೇಕು. ಅದು ನರದ ಗೊಂಚಲು ಒತ್ತಿಕೊಂಡ ಗುರುತು, ತಡವಾದರೆ ಶಾಶ್ವತ.

ಚೀಟಿಯಲ್ಲಿ ಬರೆಸುವ ಒಂದು ವಾಕ್ಯ

ಯಂತ್ರಕ್ಕೆ ಕೈ ಸಿಕ್ಕರೆ ಅದು ಕೆಲಸದ ಅಪಘಾತ ಎಂದು ಯಾರೂ ವಾದಿಸಬೇಕಿಲ್ಲ. ದುಡಿಯುತ್ತಾ ಹೃದಯ ನಿಂತರೆ "ಅವನಿಗೆ ಮೊದಲೇ ಕಾಯಿಲೆ ಇತ್ತು" ಎಂಬ ಮಾತು ಬರುತ್ತದೆ. 1923ರ ನೌಕರರ ಪರಿಹಾರ ಕಾಯ್ದೆ ಕೇಳುತ್ತಿದ್ದುದು, ಹಾನಿ ಕೆಲಸದ ಅವಧಿಯಲ್ಲಿ ಆಯಿತೇ ಮತ್ತು ಕೆಲಸದಿಂದ ಹುಟ್ಟಿತೇ ಎಂದು. 2025ರ ನವೆಂಬರ್‌ನಲ್ಲಿ ಅದರ ಜಾಗಕ್ಕೆ ಬಂದ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇದೇ ಕಟ್ಟು ಮುಂದುವರಿದಿದೆ. ಎರಡನೆಯ ಪ್ರಶ್ನೆಯಲ್ಲೇ ಬಡವರ ಅರ್ಜಿಗಳು ಸೋಲುತ್ತವೆ. ವಾಹನದ ಕ್ಲೀನರ್ ಒಬ್ಬ ಹೃದಯಾಘಾತದಿಂದ ತೀರಿಕೊಂಡ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರಲ್ಲಿ, ಕೆಲಸದ ಒತ್ತಡ ಮತ್ತು ಆಯಾಸವೇ ಕಾರಣ ಎಂಬುದಕ್ಕೆ ಪುರಾವೆ ಇಲ್ಲವೆಂದು ಪರಿಹಾರ ನಿರಾಕರಿಸಿತು. 2012ರಲ್ಲಿ ಇನ್ನೊಂದು ಪ್ರಕರಣ ಬಂತು. ದೆಹಲಿಯಿಂದ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಲಾರಿ ಓಡಿಸಿದ ಚಾಲಕ ಮೈ ಸರಿಯಿಲ್ಲವೆಂದು ದಾರಿಬದಿಯಲ್ಲಿ ನಿಲ್ಲಿಸಿ, ಆಸ್ಪತ್ರೆಗೆ ಸೇರಿಸುವಷ್ಟರಲ್ಲಿ ತೀರಿಕೊಂಡಿದ್ದ. ಅಷ್ಟು ದೂರದ ಚಾಲನೆಯ ಆಯಾಸವನ್ನು ಸಾವಿನಿಂದ ಬೇರ್ಪಡಿಸಲಾಗದು ಎಂದು ಅದೇ ನ್ಯಾಯಾಲಯ ಪರಿಹಾರ ಕೊಡಿಸಿತು. ಎರಡೂ ಸಾವು ಹೃದಯದ್ದೇ. ವ್ಯತ್ಯಾಸ ಮಾಡಿದ್ದು ಶ್ರಮದ ಪುರಾವೆ.

ಅದರ ಬೆಲೆ ಎಷ್ಟು ಎಂದು ಲೆಕ್ಕ ಹಾಕಿ ನೋಡಿ. 1923ರ ಕಾಯ್ದೆಯಡಿ ಸಾವಿಗೆ ಪರಿಹಾರ, ತಿಂಗಳ ವೇತನದ ಅರ್ಧವನ್ನು ವಯಸ್ಸಿಗೆ ಗೊತ್ತುಪಡಿಸಿದ ಅಂಕಿಯಿಂದ ಗುಣಿಸಿದ ಮೊತ್ತವಾಗಿತ್ತು. ನಲವತ್ತು ವರ್ಷದವನಿಗೆ ಆ ಅಂಕಿ 184.17 ಇತ್ತು. 2020ರ ಜನವರಿಯಿಂದ ಆ ಕಾಯ್ದೆಯಡಿ ಲೆಕ್ಕಕ್ಕೆ ಹಿಡಿಯುತ್ತಿದ್ದ ಗರಿಷ್ಠ ವೇತನ 15,000 ರೂಪಾಯಿ. ಅಂದರೆ 13,81,275 ರೂಪಾಯಿ. ಇಷ್ಟು ದೊಡ್ಡ ಮೊತ್ತ ನಿಲ್ಲುವುದು ಬಹುಪಾಲು ತುರ್ತು ವಿಭಾಗದ ಚೀಟಿಯ ಮೊದಲ ಸಾಲಿನ ಮೇಲೆ. ಕರೆದುಕೊಂಡು ಹೋದವರು "ತಲೆ ಸುತ್ತಿ ಬಿದ್ದ" ಎಂದರೆ ವೈದ್ಯರು ಅಷ್ಟನ್ನೇ ಬರೆಯುತ್ತಾರೆ. "ಬೆಳಿಗ್ಗೆ ಏಳರಿಂದ ಬಿಸಿಲಲ್ಲಿ 75 ಕೆ.ಜಿ. ಚೀಲ ಹೊರುತ್ತಿದ್ದ, ಹನ್ನೆರಡೂವರೆಗೆ ಹೊರೆಯೊಂದಿಗೇ ಬಿದ್ದ, ಬೀಳುವ ಮೊದಲು ಬಡಬಡಿಸುತ್ತಿದ್ದ" ಎಂದರೆ ಅದನ್ನೂ ಬರೆಯುತ್ತಾರೆ. ಈ ವಾಕ್ಯ ಚಿಕಿತ್ಸೆಗೂ ಬೇಕು. ಇದನ್ನು ಕೇಳಿದ ವೈದ್ಯರು ಥರ್ಮಾಮೀಟರ್ ಹಿಡಿಯುತ್ತಾರೆ, ಸಿಕೆ ಪರೀಕ್ಷೆಗೆ ರಕ್ತ ತೆಗೆಯುತ್ತಾರೆ.

ಆ ಹುಡುಗ ಹನ್ನೊಂದು ದಿನದ ಮೇಲೆ ಪ್ರಾಂಗಣಕ್ಕೆ ವಾಪಸು ಬಂದ. ಕೈಯಲ್ಲಿ ಆಸ್ಪತ್ರೆಯ ಚೀಟಿ ಇತ್ತು, ಹೆಗಲ ಮೇಲೆ ಮಡಚಿದ ವಸ್ತ್ರವೂ ಇತ್ತು. ಕಾಕಾ ವಸ್ತ್ರ ತೆಗೆಸಿ, ದಬ್ಬಣ ಮತ್ತು ಸುತಳಿ ಕೈಗಿಟ್ಟು, ನೆರಳಿನಲ್ಲಿ ಚೀಲದ ಬಾಯಿ ಹೊಲಿಯಲು ಕೂರಿಸಿದರು.